ಗ್ರೂಪಿಂಗ್ ಕೆಟ್ಟಾಗ ಎಲ್ಲಿಂದ ಹುಡುಕಬೇಕು: ಹತ್ತು ಮೀಟರ್ ಏರ್ ರೈಫಲ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಏರ್ ರೈಫಲ್‌ನ ಗ್ರೂಪಿಂಗ್, ಎಂದರೆ ಹೊಡೆತಗಳು ಕಾಗದದ ಮೇಲೆ ಒಟ್ಟಾಗಿ ಬೀಳುವ ಗುಂಪು, ಅಗಲವಾಗತೊಡಗಿದರೆ ನಾವು ಮೊದಲು ಅನುಮಾನಿಸುವುದು ಶೂಟರ್‌ನ ಕೈಯನ್ನು. ಅದು ಸರಿಯಿದೆ ಎಂದಾದರೆ ಗುರಿ ನೋಡುವ ಸೈಟ್, ಅದೂ ಸರಿಯಿದ್ದರೆ ಬ್ಯಾರೆಲ್. ಪೆಲೆಟ್ (ಸೀಸದ ಸಣ್ಣ ಗುಂಡು) ಇಟ್ಟ ಡಬ್ಬಿಯ ಕಡೆಗೆ ಕಣ್ಣು ಹೋಗುವುದು ಎಲ್ಲಕ್ಕಿಂತ ಕೊನೆಗೆ. ಕಾಸರಗೋಡಿನ ಬದಿಯಡ್ಕದ ಸಮೀಪ, ಒಂದು ಕಾಲಕ್ಕೆ ಅಡಿಕೆ ರಾಶಿ ಹಾಕುತ್ತಿದ್ದ ಉದ್ದನೆಯ ಕಟ್ಟಡದಲ್ಲಿ ನಾವು ಕೆಲವರು ಹತ್ತು ಮೀಟರ್ ಅಭ್ಯಾಸ ನಡೆಸುತ್ತೇವೆ. ಮಕ್ಕಳಿಗೆ ಕಲಿಸುವುದರ ಜೊತೆಗೆ ರೈಫಲ್‌ಗಳ ಆರೈಕೆಯೂ ನನ್ನ ಪಾಲಿಗೆ ಬಂದಿದೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಹುಡುಕಾಟವನ್ನು ಡಬ್ಬಿಯಿಂದ ದೂರ ಇಟ್ಟುಕೊಂಡಷ್ಟೂ ದಿನಗಳು ವ್ಯರ್ಥವಾಗುತ್ತವೆ ಎಂಬುದನ್ನು ನಾನು ತಡವಾಗಿ ತಿಳಿದೆ.

ದೊಡ್ಡ ಬೋರಿನ ರೈಫಲ್ ಹಾರಿಸುವವರು ಕೆಲವು ದೇಶಗಳಲ್ಲಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಮದ್ದನ್ನು ತೂಗಿ, ಗುಂಡನ್ನು ಒಂದೇ ಆಳಕ್ಕೆ ಕೂರಿಸಿ, ಒಂದು ತೋಟಾಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಉಳಿಯದಂತೆ ಮಾಡುವುದೇ ಅವರ ಉದ್ದೇಶ. ಏರ್ ರೈಫಲ್‌ನಲ್ಲಿ ಮದ್ದೂ ಇಲ್ಲ, ತುಂಬುವ ಕೆಲಸವೂ ಇಲ್ಲ. ಆದರೂ ನಮಗೆ ಬೇಕಾದದ್ದು ಅದೇ. ಪ್ರತಿ ಪೆಲೆಟ್ ಹಿಂದಿನದರಂತೆಯೇ ಇರಬೇಕು, ಹಿಂದಿನದರ ವೇಗದಲ್ಲೇ ಹೋಗಬೇಕು. ಪೆಲೆಟನ್ನು ಆರಿಸುವುದು, ಜೋಪಾನವಾಗಿಡುವುದು, ಪೆಲೆಟನ್ನು ತಳ್ಳುವ ಗಾಳಿಯ ಸಿಲಿಂಡರ್‌ಗೆ ಒಣ ಗಾಳಿ ತುಂಬುವುದು ಇವಿಷ್ಟೇ ನಮ್ಮ ಕೈಯಲ್ಲಿರುವ ತೋಟಾ ತಯಾರಿ.

ಇದರಿಂದ ಎಷ್ಟು ವ್ಯತ್ಯಾಸವಾದೀತು ಎಂದು ಕೇಳುವವರಿಗೆ ಲೆಕ್ಕವನ್ನೇ ತೋರಿಸಬೇಕು. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ 0.5 ಮಿ.ಮೀ., ಪೆಲೆಟ್‌ನ ವ್ಯಾಸ 4.5 ಮಿ.ಮೀ. ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ದೂರದಲ್ಲಿ ಬಿದ್ದರೆ 10.0. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿ.ಮೀ.ಗೆ 0.1ರಂತೆ ಏರುತ್ತ ಹೋಗಿ ಕೊನೆಗೆ 10.9 ಆಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರಿಗೆ ಚಿನ್ನ ತಂದುಕೊಟ್ಟ ಕೊನೆಯ ಹೊಡೆತ 10.8, ಎಂದರೆ ನಡುವಿನಿಂದ ಅರ್ಧ ಮಿ.ಮೀ. ಒಳಗೆ. 60 ಹೊಡೆತಗಳ ಪಂದ್ಯದಲ್ಲಿ ಸಾಧ್ಯವಿರುವ ಗರಿಷ್ಠ ಅಂಕ 654.0. ಪ್ರತಿ ಹೊಡೆತ ಸರಾಸರಿ ಕಾಲು ಮಿ.ಮೀ. ಹೊರಕ್ಕೆ ಸರಿದರೆ ಸಾಕು, ಒಟ್ಟು ಆರು ಅಂಕ ಕೈಬಿಡುತ್ತದೆ.

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ನಮ್ಮಲ್ಲಿ ಕಲಿಯುವ ಹುಡುಗಿಯೊಬ್ಬಳಿಗೆ ಆದದ್ದು ಇದೇ. ಬೇಸಿಗೆಯಲ್ಲಿ 620ರ ಮೇಲೆ ನಿಂತಿದ್ದ ಅವಳ ಅಂಕ ಮೂರು ವಾರಗಳಲ್ಲಿ 613ರ ಆಸುಪಾಸಿಗೆ ಇಳಿಯಿತು. ನಾನು ಅವಳ ನಿಲುವನ್ನು ತಿದ್ದಿದೆ, ಭುಜಕ್ಕೆ ಒರಗುವ ಬಟ್ ಪ್ಲೇಟನ್ನು ಎರಡು ಸಲ ಏರಿಸಿ ಇಳಿಸಿದೆ, ಉಸಿರಾಟದ ಲಯವನ್ನೇ ಬದಲಿಸಲು ಹೇಳಿದೆ. ಅವಳು ಹೇಳಿದ್ದನ್ನೆಲ್ಲ ಮಾಡಿದಳು. ಅಂಕ ಏರಲಿಲ್ಲ, ಆತ್ಮವಿಶ್ವಾಸ ಮಾತ್ರ ಕುಗ್ಗಿತು. ತಪ್ಪು ಅವಳದಾಗಿರಲಿಲ್ಲ. ಯಾವ ಶೂಟರ್‌ಗೂ ಹೀಗಾಗಬಾರದು ಎಂಬ ಕಾರಣಕ್ಕೆ ಹುಡುಕಾಟದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೆಲಸಕ್ಕೆ ಕೈಹಾಕುವ ಮುನ್ನ

ಬೋಲ್ಟ್ ತೆರೆದು ಬ್ಯಾರೆಲ್ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿ, ಸುರಕ್ಷತಾ ದಾರವನ್ನು ಬ್ಯಾರೆಲ್‌ನ ಉದ್ದಕ್ಕೂ ತೂರಿಸಿದ ಮೇಲೆಯೇ ಸ್ಕ್ರೂ ಬಿಚ್ಚಬೇಕು. ಪರೀಕ್ಷೆಯ ಹೊಡೆತಗಳನ್ನು ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆಯಿರುವ ಗುರಿಗೇ ಹೊಡೆಯಬೇಕು. ಎದುರಿಗಿನ ದಾರಿಯಲ್ಲಿ ಯಾರೂ ಸುಳಿಯಬಾರದು. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಚಹಾದ ಲೋಟ ಮುಟ್ಟಬಾರದು, ಮಕ್ಕಳಿದ್ದಲ್ಲಿ ಇದನ್ನು ಎರಡು ಸಲ ಹೇಳಬೇಕು. 4.5 ಮಿ.ಮೀ. ಬೋರು ಮತ್ತು 20 ಜೂಲ್ ಶಕ್ತಿಯ ಮಿತಿಯನ್ನು ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿ ಬೇಕಿಲ್ಲವಾದರೂ, ಸುಮಾರು ಎಂಟು ಜೂಲ್‌ನ ಪಂದ್ಯದ ರೈಫಲ್ ಕೂಡ ಕಣ್ಣನ್ನು ಕಳೆಯಬಲ್ಲದು.

ರಂಧ್ರಗಳ ಹರಡುವಿಕೆಯನ್ನು ಓದುವುದು

ಏನನ್ನೂ ಬಿಚ್ಚುವ ಮೊದಲು ಹಳೆಯ ಗುರಿಕಾಗದಗಳನ್ನು ಸಾಲಾಗಿ ಹರಡಿ ನೋಡಿ. ರಂಧ್ರಗಳು ಮೇಲಿನಿಂದ ಕೆಳಕ್ಕೆ ಉದ್ದವಾಗಿ ಹರಡಿದ್ದರೆ ವೇಗದಲ್ಲಿ ಏರುಪೇರಾಗಿರುವ ಸಂಶಯ ಮೊದಲು ಬರಬೇಕು; ಶೂಟರ್‌ನ ಉಸಿರು ಮತ್ತು ಭುಜದ ಒತ್ತಡ ಅನಂತರ. ಅಡ್ಡಕ್ಕೆ ಹರಡಿದ್ದರೆ ರೈಫಲ್ ಒಂದು ಕಡೆಗೆ ಓಲುತ್ತಿರಬಹುದು ಅಥವಾ ಬೆಳಕು ಒಂದೇ ಬದಿಯಿಂದ ಬೀಳುತ್ತಿರಬಹುದು. ಎರಡು ಪ್ರತ್ಯೇಕ ಗುಂಪುಗಳು ಕಂಡರೆ ಏನೋ ಒಂದು ಎರಡು ಸ್ಥಾನಗಳ ನಡುವೆ ಅಲುಗಾಡುತ್ತಿದೆ ಎಂದರ್ಥ. ಅದು ಸೈಟ್‌ನ ಹಿಡಿಕೆಯಾಗಿರಬಹುದು, ಕೆನ್ನೆ ಊರುವ ಜಾಗವಾಗಿರಬಹುದು, ಇಲ್ಲವೇ ಎರಡು ಬ್ಯಾಚಿನ ಪೆಲೆಟ್‌ಗಳನ್ನು ಯಾರೋ ಒಂದೇ ಡಬ್ಬಿಗೆ ಸುರಿದಿರಬಹುದು. ಒಂಬತ್ತು ಒಟ್ಟಾಗಿ ಬಿದ್ದು ಒಂದು ಮಾತ್ರ ದೂರ ಹಾರಿದ್ದರೆ ಆ ಪೆಲೆಟ್ ಜಜ್ಜಿಹೋಗಿತ್ತು ಅಥವಾ ಸೊಟ್ಟಗೆ ಕೂತಿತ್ತು ಎನ್ನುವುದೇ ಹೆಚ್ಚು ಸಂಭವ. ಹುಡುಗಿಯ ಕಾಗದಗಳಲ್ಲಿ ಇವು ಯಾವುವೂ ಇರಲಿಲ್ಲ. ಗ್ರೂಪಿಂಗ್ ದುಂಡಗೇ ಇತ್ತು. ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿತ್ತು. ಇಂಥದ್ದೇ ಓದಲು ಎಲ್ಲಕ್ಕಿಂತ ಕಷ್ಟ, ಏಕೆಂದರೆ ದಣಿದ ಕೈಯೂ, ಕೊಳೆಯಾದ ಬ್ಯಾರೆಲ್ಲೂ, ಕೆಟ್ಟ ಪೆಲೆಟ್ಟೂ ಕಾಗದದ ಮೇಲೆ ಹೀಗೆಯೇ ಕಾಣುತ್ತವೆ.

ಆದ್ದರಿಂದ ಮುಂದಿನ ಹೆಜ್ಜೆಯೆಂದರೆ ರೈಫಲನ್ನು ಮನುಷ್ಯನಿಂದ ಬಿಡಿಸಿ ನೋಡುವುದು. ಭಾರವಾದ ಮೇಜಿಗೆ ಬಿಗಿದ, ವಸ್ತುವನ್ನು ಅದುಮಿ ಹಿಡಿಯುವ ವೈಸ್‌ನಲ್ಲಿ ಬ್ಯಾರೆಲ್ ಮತ್ತು ಆ್ಯಕ್ಷನ್ ಭಾಗವನ್ನು (ಹೊಡೆತದ ಯಂತ್ರ ಇರುವ ಭಾಗ), ಎರಡೂ ಬದಿಗೆ ಚರ್ಮ ಅಥವಾ ರಬ್ಬರ್ ಇಟ್ಟು, ತಿರುಚದಂತೆ ಹಿಡಿಸಬೇಕು. ವೈಸ್ ಇಲ್ಲದಿದ್ದರೆ ಮರಳು ತುಂಬಿದ ಎರಡು ಚೀಲಗಳ ಮೇಲೆ ರೈಫಲನ್ನಿಟ್ಟು, ಕೈ ಅನುಭವವಿರುವ ಒಬ್ಬರೇ ಎಲ್ಲ ಹೊಡೆತಗಳನ್ನೂ ಹೊಡೆಯಲಿ. ನಿಖರತೆ ಸ್ವಲ್ಪ ಕಡಿಮೆಯಾದರೂ ಹೋಲಿಕೆಗೆ ಸಾಕು. ಮೊದಲ ಐದು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅನಂತರ ಹತ್ತು ಹೊಡೆತಗಳ ಒಂದೊಂದು ಗ್ರೂಪಿಂಗನ್ನು ಹೊಸ ಕಾಗದದ ಮೇಲೆ ತೆಗೆದು, ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಿಂದ ಅಳೆಯಿರಿ. ಐದೇ ಹೊಡೆತಗಳಿಂದ ತೀರ್ಮಾನಕ್ಕೆ ಬರುವವರು ಬಹಳ ಮಂದಿ ಇದ್ದಾರೆ. ಆದರೆ ಹೊಡೆತ ಕಡಿಮೆಯಾದಷ್ಟೂ ಗ್ರೂಪಿಂಗ್ ತಾನಾಗಿಯೇ ಚಿಕ್ಕದಾಗಿ ಕಾಣುತ್ತದೆ, ಐದರದ್ದನ್ನು ಹತ್ತರದ್ದಕ್ಕೆ ಹೋಲಿಸಿದರೆ ಮೋಸಹೋಗುತ್ತೀರಿ. ಎರಡು ಬಗೆಯ ಪೆಲೆಟ್‌ಗಳನ್ನು ಪರೀಕ್ಷಿಸುವಾಗ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಒಂದಾದ ಮೇಲೊಂದರಂತೆ ಸರದಿಯಲ್ಲಿ ಮೂರು ಮೂರು ಗ್ರೂಪಿಂಗ್ ತೆಗೆಯಬೇಕು. ಹಾಗೆ ಮಾಡಿದರೆ ಸಿಲಿಂಡರ್‌ನ ಒತ್ತಡ ಇಳಿದದ್ದರ ಪರಿಣಾಮ ಒಂದರ ತಲೆಯ ಮೇಲೆಯೇ ಬೀಳುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬಾರದು.

ವೈಸ್‌ನಲ್ಲಿ ಗ್ರೂಪಿಂಗ್ ಬಿಗಿಯಾಗಿ ಬಂದರೆ ದೋಷ ಶೂಟರ್‌ನಲ್ಲೋ ಸೈಟ್‌ನಲ್ಲೋ ಇದೆ. ಅಲ್ಲಿಯೂ ಹಿಗ್ಗಿದರೆ ಕೈಯನ್ನು ದೂರುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ನಾನು ಈ ಪರೀಕ್ಷೆಯನ್ನು ಮೂರು ವಾರ ತಡವಾಗಿ ಮಾಡಿದೆ. ಅವಳು ದಿನವೂ ಬಳಸುತ್ತಿದ್ದ ಡಬ್ಬಿಯ ಪೆಲೆಟ್‌ಗಳು ವೈಸ್‌ನಲ್ಲಿಯೂ ಎಂಟು ಮಿ.ಮೀ. ಹತ್ತಿರಕ್ಕೆ ಹರಡಿದವು. ಅದೇ ಬ್ಯಾಚಿನ, ಮುಚ್ಚಳ ತೆರೆಯದ ಇನ್ನೊಂದು ಡಬ್ಬಿಯವು ಆರು ಮಿ.ಮೀ. ಒಳಗೇ ನಿಂತವು. ರೈಫಲ್ ಅದೇ, ಗಾಳಿ ಅದೇ, ಮುಚ್ಚಳದ ಮೇಲಿನ ಸಂಖ್ಯೆಯೂ ಅದೇ.

ಡಬ್ಬಿಯೊಳಗೆ ಆಗುವುದೇನು

ಪಂದ್ಯದ ಪೆಲೆಟ್ ಒಂದನ್ನು ಚಿನ್ನದ ಕೆಲಸದವರು ಬಳಸುವ ಭೂತಗನ್ನಡಿಯ ಕೆಳಗಿಟ್ಟು ನೋಡಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಲಂಗದಂತೆ ಅರಳಿದ ತೆಳು ಅಂಚು. ರೈಫಲ್‌ಗೆ ಬಳಸುವ ಭಾರದ ಪೆಲೆಟ್‌ನ ತೂಕ ಸಾಮಾನ್ಯವಾಗಿ 0.53 ಗ್ರಾಂ. ತಲೆ ಬ್ಯಾರೆಲ್‌ನ ಸುರುಳಿ ಗೆರೆಗಳಿಗೆ ಒರಗಿ ದಾರಿ ಹಿಡಿಯುತ್ತದೆ. ಲಂಗದ ಅಂಚು ಗಾಳಿಯ ಒತ್ತಡಕ್ಕೆ ಹಿಗ್ಗಿ ಹಿಂದಿನಿಂದ ಗಾಳಿ ಸೋರದಂತೆ ತಡೆಯುತ್ತದೆ. ಪೆಲೆಟ್ ಬ್ಯಾರೆಲ್‌ನಿಂದ ಹೊರಬೀಳುವಾಗ ಗಾಳಿ ಕೊನೆಯದಾಗಿ ತಳ್ಳುವುದೂ ಆ ಅಂಚನ್ನೇ. ಅಂಚು ಒಂದು ಕಡೆ ತಗ್ಗಾಗಿದ್ದರೆ ಗಾಳಿ ಅಲ್ಲಿಂದ ಮೊದಲು ನುಗ್ಗಿ ಪೆಲೆಟನ್ನು ಓರೆ ಮಾಡುತ್ತದೆ. ಡಬ್ಬಿಯನ್ನು ಒಮ್ಮೆ ಸಿಮೆಂಟಿನ ನೆಲಕ್ಕೆ ಬೀಳಿಸಿದರೆ ಮೆದು ಸೀಸದ ಎಷ್ಟೋ ಲಂಗಗಳು ಮೊಟ್ಟೆಯಾಕಾರಕ್ಕೆ ತಿರುಗಿರುತ್ತವೆ. ಅಂಥವನ್ನು ಗುಂಡುಸೂಜಿಯಿಂದ ಸರಿಪಡಿಸಲು ಹೋಗಬೇಡಿ, ಆರಂಭದ ಮಕ್ಕಳ ಅಭ್ಯಾಸಕ್ಕೆ ಬೇರೆ ಇಡಿ.

ಹುಡುಗಿಯ ಡಬ್ಬಿಯಲ್ಲಿ ಕಂಡದ್ದು ಬೇರೆ. ಸೊಂಟದ ಸುತ್ತ, ಲಂಗದ ಒಳಮೈಯಲ್ಲಿ, ಅಕ್ಕಿ ಹಿಟ್ಟನ್ನು ತೆಳುವಾಗಿ ಉದುರಿಸಿದಂಥ ಬಿಳಿ ಪುಡಿ. ಡಬ್ಬಿಯ ತಳದ ಸ್ಪಂಜಿನ ಮೇಲೂ ಅದೇ. ಬೆರಳಿನ ತುದಿಗೆ ಹತ್ತಿದ ಪುಡಿಯನ್ನು ಕಪ್ಪು ಬಟ್ಟೆಯ ಮೇಲೆ ಒರೆಸಿದಾಗ ಗೆರೆ ಎದ್ದು ಕಾಣುತ್ತಿತ್ತು.

ಹೊಸ ಸೀಸ ಹೊಳೆಯುತ್ತದೆ. ಗಾಳಿ ತಾಗಿದ ಮೇಲೆ ಮಂಕಾದ ಬೂದು ಪೊರೆಯೊಂದು ಕೂತು ಅದನ್ನು ಕಾಯುತ್ತದೆ. ಬೂದು ಬಣ್ಣಕ್ಕೆ ಹೆದರಬೇಕಿಲ್ಲ. ಆದರೆ ತೇವದ ಜೊತೆಗೆ ಹುಳಿಯ ಆವಿಯೂ ಸೇರಿದರೆ ಆ ಪೊರೆ ನಿಲ್ಲದೆ ಸೀಸ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಹಿಂದಿನ ಕಾಲದಲ್ಲಿ ಬಣ್ಣಕ್ಕೆ ಬೇಕಾದ ಬಿಳಿ ಸೀಸವನ್ನು ತಯಾರಿಸುತ್ತಿದ್ದದ್ದೇ ಸೀಸದ ತಗಡುಗಳನ್ನು ವಿನೆಗರ್‌ನ ಆವಿಯಲ್ಲಿಟ್ಟು. ನಮಗೆ ವಿನೆಗರ್ ಬೇಕಾಗಲಿಲ್ಲ. ಮಳೆಗಾಲಕ್ಕೆ ಮುಂಚೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಲೆಂದು ಹೊಸ ಮರದ ಕಪಾಟೊಂದನ್ನು ಮಾಡಿಸಿದ್ದೆವು. ಹೊಸ ಮರವೂ, ಪ್ಲೈವುಡ್ಡೂ, ರಟ್ಟಿನ ಪೆಟ್ಟಿಗೆಯೂ ಸಣ್ಣ ಪ್ರಮಾಣದಲ್ಲಿ ಇಂಥ ಹುಳಿ ಆವಿಯನ್ನು ಬಿಡುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಸೀಸದ ವಸ್ತುಗಳನ್ನು ಮರದ ಕಪಾಟಿನಲ್ಲಿಡಲು ಹಿಂಜರಿಯುವುದು ಇದೇ ಕಾರಣಕ್ಕೆ. ಮುಚ್ಚಿದ ಕಪಾಟು, ಗೋಡೆಯಲ್ಲಿ ಇಳಿಯುವ ನೀರು, ದಿನವೂ ತೆರೆದು ಸಡಿಲವಾಗಿ ಮುಚ್ಚಿದ ಡಬ್ಬಿ ಮೂರೂ ಒಟ್ಟಾಗಿದ್ದವು.

ಈಗ ನಾವು ಡಬ್ಬಿಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು, ಜೊತೆಗೆ ಸಿಲಿಕಾ ಜೆಲ್‌ನ ಪೊಟ್ಟಣ ಹಾಕಿ, ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಡುತ್ತೇವೆ. ಬಣ್ಣ ಬದಲಿಸುವ ಜೆಲ್ ಸಿಕ್ಕಿದರೆ ಒಳ್ಳೆಯದು, ತೇವ ಹೀರಿ ತುಂಬಿದ್ದು ಕಣ್ಣಿಗೇ ತಿಳಿಯುತ್ತದೆ. ಆಟಿ ಮತ್ತು ಅದರ ಮುಂದಿನ ಸೋಣ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ. ಆ ದಿನಕ್ಕೆ ಬೇಕಾದಷ್ಟು ಪೆಲೆಟ್‌ಗಳನ್ನು ಮಾತ್ರ ಹೊರತೆಗೆದು, ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿಯದೆ ಬೇರೆಯಿಡಬೇಕು. ಬಿಳಿ ಪುಡಿ ಹಿಡಿದ ಪೆಲೆಟ್‌ಗಳನ್ನು ತೊಳೆದು ಎಣ್ಣೆ ಸವರಿದರೆ ಹೊಸತಾಗುತ್ತವೆ ಎಂದು ಕೆಲವರು ನಂಬುತ್ತಾರೆ. ಪುಡಿ ಹೋಗುತ್ತದೆ ನಿಜ, ಆದರೆ ಪುಡಿಯಾಗಿ ಹೋದ ಸೀಸ ತಿರುಗಿ ಬರುವುದಿಲ್ಲ, ಮೈಯಲ್ಲಿ ಸಣ್ಣ ಕುಳಿಗಳು ಉಳಿಯುತ್ತವೆ. ಊದಿ ಪುಡಿ ಹಾರಿಸುವುದಂತೂ ಬೇಡವೇ ಬೇಡ. ಅದು ಉಸಿರಿನೊಳಗೆ ಹೋಗುವ ಸೀಸ.

ಬ್ಯಾಚಿನ ವಿಷಯವನ್ನೂ ಇಲ್ಲೇ ಹೇಳಬೇಕು. ಪಂದ್ಯದ ಪೆಲೆಟ್‌ಗಳು ತಲೆಯ ಅಳತೆಗೆ ತಕ್ಕಂತೆ 4.49, 4.50, 4.51 ಹೀಗೆ ನೂರನೇ ಒಂದು ಮಿ.ಮೀ. ಅಂತರದಲ್ಲಿ ಬರುತ್ತವೆ, ಮತ್ತು ಡಬ್ಬಿಯ ಮೇಲೆ ಬ್ಯಾಚಿನ ಗುರುತಿರುತ್ತದೆ. ಒಂದು ಬ್ಯಾರೆಲ್‌ಗೆ ಒಪ್ಪಿದ್ದು ಅದೇ ಕಂಪನಿಯ ಇನ್ನೊಂದು ಬ್ಯಾರೆಲ್‌ಗೆ ಒಪ್ಪಬೇಕೆಂದಿಲ್ಲ. ಅಂಗಡಿಯವರ ಮಾತಿಗಾಗಲಿ ದೊಡ್ಡ ಆಟಗಾರರ ಆಯ್ಕೆಗಾಗಲಿ ಜೋತುಬೀಳದೆ, ಒಂದೊಂದು ಡಬ್ಬಿ ತಂದು ವೈಸ್‌ನಲ್ಲಿ ಪರೀಕ್ಷಿಸಿ, ಒಪ್ಪಿದ ಬ್ಯಾಚನ್ನೇ ಒಂದು ವರ್ಷಕ್ಕಾಗುವಷ್ಟು ಕೊಳ್ಳುವುದು ಕೊನೆಗೆ ಅಗ್ಗವಾಗುತ್ತದೆ. ಒಂದೊಂದೇ ಪೆಲೆಟ್ ತೂಗಿ ಆರಿಸುವುದಕ್ಕೆ ನಾನು ಒಂದು ಮಳೆಗಾಲವನ್ನೇ ಕೊಟ್ಟಿದ್ದೆ. ಒಳ್ಳೆಯ ಬ್ಯಾಚಿನಲ್ಲಿ ಅದರಿಂದ ಕಣ್ಣಿಗೆ ಕಾಣುವ ಲಾಭ ನನಗೆ ಸಿಗಲಿಲ್ಲ. ಲಂಗದ ಅಂಚನ್ನು ನೋಡಿ ಆರಿಸಿದ್ದರಿಂದ ಸಿಕ್ಕಿತು. ಕನ್ನಡಿಯ ಮೇಲೆ ಮೆಲ್ಲಗೆ ಉರುಳಿಸಿದರೆ ಸರಿಯಾದ ಪೆಲೆಟ್ ಸಮನಾದ ಬಳಸಿನಲ್ಲಿ ಸುತ್ತುತ್ತದೆ, ಅಂಚು ಕೆಟ್ಟದ್ದು ಕುಂಟುತ್ತದೆ.

ಗಾಳಿಯ ದೋಷ

ಪೆಲೆಟ್ ಸೆಕೆಂಡಿಗೆ ಸುಮಾರು 172 ಮೀಟರ್ ವೇಗದಲ್ಲಿ ಹೊರಟರೆ ಹತ್ತು ಮೀಟರ್ ತಲುಪುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಸುಮಾರು 17 ಮಿ.ಮೀ. ಇಳಿದಿರುತ್ತದೆ. ವೇಗ ಐದು ಮೀಟರ್ ಕಡಿಮೆಯಾದರೆ ಪೆಲೆಟ್ ಇನ್ನೂ ಒಂದು ಮಿ.ಮೀ. ಕೆಳಗೆ ಬೀಳುತ್ತದೆ, ಎಂದರೆ 0.4 ಅಂಕ. ಹಾಗಾಗಿ ಗ್ರೂಪಿಂಗ್ ಕಂಗಿನಂತೆ ಉದ್ದಕ್ಕೆ ನಿಂತರೆ ವೇಗ ಅಳೆಯುವ ಕ್ರೋನೋಗ್ರಾಫ್ ಹಿಡಿದು ಇಪ್ಪತ್ತು ಹೊಡೆತಗಳ ವೇಗವನ್ನು ಬರೆದುಕೊಳ್ಳಿ. ಹೊಡೆತದಿಂದ ಹೊಡೆತಕ್ಕೆ ವೇಗ ಇಳಿಯುತ್ತಲೇ ಹೋದರೆ ಸಿಲಿಂಡರ್‌ನ ಒತ್ತಡ, ಪ್ರತಿ ಹೊಡೆತಕ್ಕೂ ಗಾಳಿಯನ್ನು ಒಂದೇ ಒತ್ತಡದಲ್ಲಿ ಬಿಡುವ ರೆಗ್ಯುಲೇಟರ್‌ಗೆ ಬೇಕಾದುದಕ್ಕಿಂತ ಕೆಳಗೆ ಬಂದಿದೆ. ಕೆಲವು ನಿಮಿಷ ಬಿಟ್ಟು ಹೊಡೆದ ಮೊದಲ ಹೊಡೆತ ಮಾತ್ರ ಬೇರೆ ವೇಗದಲ್ಲಿ ಹೋಗಿ, ಮುಂದಿನವು ಸರಿಯಾಗಿದ್ದರೆ ರೆಗ್ಯುಲೇಟರ್ ಪೂರ್ತಿ ಮುಚ್ಚಿಕೊಳ್ಳದೆ ಒಳಗೆ ಒತ್ತಡ ಏರುತ್ತಿದೆ. ವೇಗ ಹೇಗೆಂದರೆ ಹಾಗೆ ಏರಿಳಿದರೆ ಪೆಲೆಟ್ ಹಾಕುವ ಬ್ರೀಚ್‌ನ ಓ-ರಿಂಗ್ (ರಬ್ಬರ್ ಬಳೆ) ನೋಡಿ. ಬ್ರೀಚ್ ಸೇರುವ ಜಾಗದ ಮೇಲೆ ಟಿಶ್ಯೂ ಕಾಗದದ ತೆಳು ಪಟ್ಟಿಯನ್ನಿಟ್ಟು, ಕೈಯನ್ನು ದೂರವಿಟ್ಟುಕೊಂಡು ಗುರಿಗೆ ಹೊಡೆದಾಗ ಪಟ್ಟಿ ಹಾರಿದರೆ ಗಾಳಿ ಅಲ್ಲಿಂದ ಸೋರುತ್ತಿದೆ.

ಕೈಪಂಪಿನಿಂದ ಸಿಲಿಂಡರ್ ತುಂಬುವವರು ನಮ್ಮ ಮಳೆಗಾಲದ ಗಾಳಿಯೊಂದಿಗೆ ನೀರನ್ನೂ ತುಂಬುತ್ತಿರುತ್ತಾರೆ. ಒತ್ತಿದ ಗಾಳಿ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದು. ಅದು ಹನಿಯಾಗಿ ಒಳಗೆ ಕೂತು ರೆಗ್ಯುಲೇಟರನ್ನು ಹಾಳುಮಾಡುತ್ತದೆ. ಪಂಪಿಗೆ ತೇವ ಹೀರುವ ಫಿಲ್ಟರ್ ಇರಲೇಬೇಕು, ನಡುನಡುವೆ ನಿಲ್ಲಿಸಿ ಪಂಪನ್ನು ತಣಿಯಬಿಟ್ಟು ಒಳಗಿನ ನೀರನ್ನು ಹೊರಬಿಡಬೇಕು. ಸಿಲಿಂಡರ್ ಮೇಲೆ ಕೊರೆದ ತಯಾರಿಕೆಯ ದಿನಾಂಕವನ್ನೂ ಈ ನೆಪದಲ್ಲಿ ಓದಿ. ಪಂದ್ಯದ ರೈಫಲ್‌ಗಳ ಸಿಲಿಂಡರ್‌ಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯುಸ್ಸು ಹತ್ತು ವರ್ಷ. ಅದು ಮುಗಿದದ್ದನ್ನು ತುಂಬಲೇಬಾರದು.

ಉಳಿದ ಕಾರಣಗಳು

ಸೈಟ್‌ನ ಹಿಡಿಕೆ, ಬ್ಯಾರೆಲ್ ಕ್ಲಾಂಪ್, ಸ್ಟಾಕ್ ಮತ್ತು ಆ್ಯಕ್ಷನ್ ಸೇರಿಸುವ ಸ್ಕ್ರೂಗಳ ತಲೆಗೆ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದಿಟ್ಟರೆ ಸಡಿಲವಾದದ್ದು ನೋಡಿದೊಡನೆ ತಿಳಿಯುತ್ತದೆ. ಡಯಾಪ್ಟರ್ (ಸಣ್ಣ ರಂಧ್ರದ ಹಿಂದಿನ ಸೈಟ್) ಮೇಲೆ ಸಂಶಯವಿದ್ದರೆ ಹತ್ತು ಕ್ಲಿಕ್ ಮೇಲೆ, ಹತ್ತು ಬಲಕ್ಕೆ, ಹತ್ತು ಕೆಳಗೆ, ಹತ್ತು ಎಡಕ್ಕೆ ತಿರುಗಿಸುತ್ತ ಪ್ರತಿ ಮೂಲೆಯಲ್ಲೂ ಮೂರು ಹೊಡೆಯಿರಿ. ಚೌಕ ಮುಗಿದ ಮೇಲೆ ಮೊದಲಿನ ರಂಧ್ರಕ್ಕೇ ಹಿಂತಿರುಗದಿದ್ದರೆ ಒಳಗಿನ ಸ್ಕ್ರೂ ಸವೆದಿದೆ. ರೈಫಲ್ ಐದು ಡಿಗ್ರಿ ಓಲಿದರೆ ಮೇಲೆ ಹೇಳಿದ 17 ಮಿ.ಮೀ. ಇಳಿತವೇ ಬದಿಗೆ ತಿರುಗಿ, ಹೊಡೆತ ಸುಮಾರು ಒಂದೂವರೆ ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಮಕ್ಕಳಲ್ಲಿ ದಣಿವಿನ ಜೊತೆಗೆ ಬರುವ ಅಡ್ಡ ಹರಡುವಿಕೆಗೆ ಇದೇ ಸಾಮಾನ್ಯ ಕಾರಣ.

ಬ್ಯಾರೆಲನ್ನು ಉಣ್ಣೆಯ ಬೆಣೆಗಳಿಂದ ಬ್ರೀಚ್‌ನ ಕಡೆಯಿಂದ ಬಾಯಿಯ ಕಡೆಗೆ ಮಾತ್ರ ಒರೆಸಬೇಕು. ಒರೆಸಿದ ಮೇಲಿನ ಹತ್ತಿಪ್ಪತ್ತು ಹೊಡೆತಗಳು ಒಂದೇ ಕಡೆ ನಿಲ್ಲುವುದಿಲ್ಲ. ಪಂದ್ಯದ ಬೆಳಿಗ್ಗೆ ಸ್ವಚ್ಛಗೊಳಿಸುವ ಅಭ್ಯಾಸ ಬಿಡಬೇಕು. ಉಕ್ಕಿನ ಬ್ರಷ್ ಬೇಡ.

ಮಳೆಗಾಲದಲ್ಲಿ ಗುರಿಕಾಗದವೇ ಸುಳ್ಳು ಹೇಳುವುದುಂಟು. ತೇವ ಹೀರಿ ಮೆತ್ತಗಾದ ಕಾಗದವನ್ನು ಪೆಲೆಟ್ ಕತ್ತರಿಸುವ ಬದಲು ಹರಿಯುತ್ತದೆ, ರಂಧ್ರದ ಅಂಚು ಎಳೆಎಳೆಯಾಗಿ ಅಳತೆ ತಪ್ಪುತ್ತದೆ. ಪರೀಕ್ಷೆಯ ಕಾಗದಗಳನ್ನು ಪೆಲೆಟ್ ಪೆಟ್ಟಿಗೆಯಲ್ಲೇ ಜೆಲ್ ಜೊತೆ ಇಟ್ಟು, ಹೊಡೆಯುವ ಮುನ್ನವೇ ಹೊರತೆಗೆಯಿರಿ. ಇಷ್ಟು ಸಣ್ಣ ಕಾರಣಕ್ಕೆ ಒಳ್ಳೆಯ ಬ್ಯಾಚೊಂದನ್ನು ನಾವು ತಿರಸ್ಕರಿಸಿದ್ದೆವು ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಇಷ್ಟನ್ನೂ ಮಾಡಿದ ಮೇಲೆ ದೋಷ ರೆಗ್ಯುಲೇಟರ್‌ನಲ್ಲೋ ವಾಲ್ವ್‌ನಲ್ಲೋ ಇದೆ ಎಂದು ಖಚಿತವಾದರೆ ಅದನ್ನು ನಾವೇ ಬಿಚ್ಚಕೂಡದು; ಒತ್ತಡ ಉಳಿದಿರುವ ಭಾಗವನ್ನು ತಿರುಗಿಸುವುದು ಪ್ರಾಣಕ್ಕೇ ಅಪಾಯ. ಬಲ್ಲ ರಿಪೇರಿಯವರಿಗೆ ಕಳಿಸುವಾಗ ರೈಫಲ್ ಜೊತೆಗೆ ವೈಸ್‌ನಲ್ಲಿ ತೆಗೆದ ಮೂರು ಕಾಗದಗಳು, ಇಪ್ಪತ್ತು ಹೊಡೆತಗಳ ವೇಗದ ಪಟ್ಟಿ, ಸಿಲಿಂಡರ್‌ನಲ್ಲಿ ಆಗ ಇದ್ದ ಒತ್ತಡ, ಬಳಸಿದ ಪೆಲೆಟ್‌ನ ಬ್ಯಾಚ್ ಸಂಖ್ಯೆ ಮತ್ತು ಅದೇ ಡಬ್ಬಿಯ ಐವತ್ತು ಪೆಲೆಟ್‌ಗಳನ್ನು ಒಣ ಪೊಟ್ಟಣದಲ್ಲಿ ಹಾಕಿ ಕಳಿಸಿ. ಹುಡುಗಿಯ ರೈಫಲನ್ನು ಕಳಿಸಬೇಕಾಗಿ ಬರಲಿಲ್ಲ. ಹೊಸ ಡಬ್ಬಿ ತೆರೆದ ವಾರದಲ್ಲಿ ಅವಳು 621.4 ಹೊಡೆದಳು, ಬಟ್ ಪ್ಲೇಟನ್ನು ನಾನು ಮೊದಲಿದ್ದ ಗುರುತಿಗೇ ಇಳಿಸಿಕೊಟ್ಟ ಮರುದಿನ.